ಏಳನೆಯ ತಂಡ

ಸ್ಪರ್ಧೆಗಾಗಿ ಕವನಾ ಎರಡು ತಿಂಗಳು ಓಡಾಡಿದ್ದಳು. ಶಿವಮೊಗ್ಗದ ಅವಳ ಕಾಲೇಜಿನಲ್ಲಿ ಇಂಥದ್ದು ನಡೆಯುತ್ತಿದ್ದುದು ಅದೇ ಮೊದಲು. ಜನಕ್ಕೆ ಉಪಕಾರವಾಗುವ, ತನ್ನ ಕಾಲ ಮೇಲೆ ತಾನೇ ನಿಲ್ಲುವ ಒಂದು ಉದ್ಯಮವನ್ನು ವಿದ್ಯಾರ್ಥಿಗಳು ತೀರ್ಪುಗಾರರ ಮುಂದಿಡಬೇಕು. ಗೆದ್ದವರಿಗೆ ಕಾಲೇಜಿನ ಹಿಂಭಾಗದ ದೊಡ್ಡ ಕೋಣೆ, ಕರೆಂಟಿನ ಸಮೇತ, ಒಂದು ವರ್ಷ ಬಿಟ್ಟಿ. ಬಿ.ಕಾಂ. ಕೊನೆಯ ವರ್ಷದ ಕವನಾ ಅದರ ಸಂಚಾಲಕಿ.

ಸುಮನಾಳನ್ನು ಹೆಸರು ಕೊಡಲು ಒಪ್ಪಿಸಿದವಳೂ ಅವಳೇ. ಭದ್ರಾವತಿಯ ಜನ್ನಾಪುರದಿಂದ ದಿನಾ ಬಸ್ಸಿನಲ್ಲಿ ಬರುವ ಸುಮನಾ ಮೂರು ವರ್ಷದಿಂದ ಅವಳ ಪಕ್ಕದಲ್ಲೇ ಕೂರುವ ಗೆಳತಿ. ಅಪ್ಪ ಕರಿಯಣ್ಣ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಫಿಟ್ಟರ್ ಆಗಿದ್ದವರು. ಕೆಲಸ ಹೋದ ಮೇಲೆ ಜೊತೆಗಾರ ಷಣ್ಮುಖಪ್ಪನ ಜತೆ ಸೇರಿ, ಮನೆಮನೆಯ ಮೂಲೆಯಲ್ಲಿ ಮುರಿದು ಬಿದ್ದ ವೀಲ್‌ಚೇರ್‌ಗಳನ್ನು ತಂದು ರಿಪೇರಿ ಮಾಡಿ, ನಡೆಯಲಾಗದವರಿಗೆ ಕಡಿಮೆ ಬಾಡಿಗೆಗೆ ಕೊಡುತ್ತಿದ್ದರು. ಕೆಲಸವೆಲ್ಲ ಮನೆಯ ಮುಂದಿನ ರಸ್ತೆಯಲ್ಲೇ. ಮಳೆ ಬಂದರೆ ಬಂದ್.

“ಸೋಶಿಯಲ್ ಎಂಟರ್‌ಪ್ರೈಸ್ ಅಂದ್ರೆ ಇದೇ ಕಣೇ!” ಅಂದಿದ್ದಳು ಕವನಾ.

“ಅಪ್ಪಂಗೆ ಅದು ಗೊತ್ತೇ ಇಲ್ಲ ಮಾರಾಯ್ತಿ,” ಎಂದು ಸುಮನಾ ನಕ್ಕಿದ್ದಳು. ಮೈಕ್ ಕಂಡರೆ ನಡುಗುವ ಹುಡುಗಿ, ಹದಿನೈದು ದಿನ ರವೀಂದ್ರನಗರದ ಕವನಾಳ ಮನೆಗೆ ಹೋಗಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿದಳು.

ಸ್ಪರ್ಧೆಯ ದಿನ ಎಂಟು ತಂಡಗಳಿದ್ದವು, ಕೆಲವು ಹೊರಗಿನ ಕಾಲೇಜುಗಳಿಂದ ಬಂದವು. ಉದ್ಘಾಟನೆಯ ಭಾಷಣಗಳು ಮುಗಿಯುವಷ್ಟರಲ್ಲಿ ಹನ್ನೆರಡು ದಾಟಿತ್ತು. ಸ್ಪರ್ಧೆಯ ಉಸ್ತುವಾರಿ ಹೊತ್ತಿದ್ದ ಉಪನ್ಯಾಸಕಿ ಉಮಾಮಹೇಶ್ವರಿ ಮೇಡಂ ಗಾಬರಿಯಿಂದ ಬಂದರು. “ಮುಖ್ಯ ಜಡ್ಜ್‌ಗೆ ಮಧ್ಯಾಹ್ನದ ಫ್ಲೈಟ್ ಅಂತೆ. ಎರಡಕ್ಕೆಲ್ಲ ಸೋಗಾನೆ ಏರ್‌ಪೋರ್ಟ್‌ಗೆ ಹೊರಡ್ಬೇಕು. ಎರಡು ಟೀಮ್ ಕಡಿಮೆ ಮಾಡು ಕವನಾ. ಯಾರನ್ನ ಅಂತ ನೀನೇ ನೋಡು.”

ಎಂಟನೆಯ ತಂಡದವರು ಸರಿಯಾಗಿ ತಯಾರಾಗಿರಲಿಲ್ಲ, ಕೇಳಿದ್ದೇ ತಡ ಹಿಂದೆ ಸರಿದರು. ಇನ್ನೊಂದು? ಹೊರಗಿನ ಕಾಲೇಜಿನವರನ್ನು ಬಿಟ್ಟರೆ ಜಗಳ. ಮೊಬೈಲ್ ಆ್ಯಪ್ ಮಾಡಿದ್ದ ಸಹಪಾಠಿ ಅತುಲ್‌ನ ತಂಡ ಪ್ರಾಂಶುಪಾಲರ ಮೆಚ್ಚಿನದು, ಬಿಟ್ಟರೆ ಅವರಿಗೆ ಸಿಟ್ಟು. ಏಳನೆಯದು ಸುಮನಾಳದು. ಅವಳು ಏನೂ ಅನ್ನುವುದಿಲ್ಲ. ಕವನಾ ಆ ಹೆಸರಿನ ಮೇಲೆ ಗೆರೆ ಎಳೆದು, ಮೊಬೈಲಿನಲ್ಲಿ ಬರೆದಳು: “ಟೈಮ್ ಸಾಲ್ತಿಲ್ಲ ಕಣೇ, ನಿಂದು ಬಿಡ್ಬೇಕಾಯ್ತು. ಸಾರಿ.” ಸುಮನಾ ಓದಿದ ಗುರುತು ಬಿತ್ತು. ಉತ್ತರ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಸಭಾಂಗಣದ ಹಿಂಬಾಗಿಲ ಬಳಿ ಕರಿಯಣ್ಣ ಎದುರಾದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಪಕ್ಕದಲ್ಲಿ ಷಣ್ಮುಖಪ್ಪ, ಲಗೇಜ್ ಆಟೋದಲ್ಲಿ ತಂದಿಳಿಸಿದ ಎರಡು ವೀಲ್‌ಚೇರ್.

“ನಮ್ದು ಎಷ್ಟೊತ್ತಿಗಮ್ಮಾ? ಸುಮನಾ ಯಾಕೋ ಹೋಗಣ ನಡಿ ಅಂತಾಳೆ. ಹೆದರ್ಕೊಂಡಿದಾಳೆ ಅನ್ಸುತ್ತೆ.”

ಆ ಕ್ಷಣದಲ್ಲಿ ನಿಜ ಹೇಳಬಹುದಿತ್ತು. ಒಳಗಿಂದ ಯಾರೋ ಕವನಾಳನ್ನು ಕೂಗಿದರು.

“ಸ್ವಲ್ಪ ಕಾಯಿರಿ ಅಂಕಲ್,” ಎಂದು ಹೇಳಿ ಅವಳು ಒಳಗೆ ಓಡಿದಳು.

ಅತುಲ್‌ನ ತಂಡ ಗೆದ್ದಿತು. ಫೋಟೋ ಮುಗಿದ ಮೇಲೆ ಕವನಾ ಮೇಡಂ ಜತೆ ಕಾರಿನಲ್ಲಿ ಕುಳಿತು ಮುಖ್ಯ ತೀರ್ಪುಗಾರರನ್ನು ಬಿಟ್ಟುಬರಲು ಸೋಗಾನೆಗೆ ಹೋದಳು. ವಿಮಾನ ಒಂದೂವರೆ ಗಂಟೆ ತಡ ಎಂದು ಗೊತ್ತಾದದ್ದು ಅಲ್ಲಿ. “ಅಯ್ಯೋ, ಇನ್ನೂ ಒಂದೆರಡು ಟೀಮ್ ನೋಡಬಹುದಿತ್ತಲ್ಲ,” ಎಂದರು ಆ ಮನುಷ್ಯ ಸಹಜವಾಗಿ.

ಮರುದಿನದಿಂದ ಸುಮನಾ ಮುಂದಿನ ಬೆಂಚಿಗೆ ಹೋದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೇ. ಇವತ್ತು ಮಾತಾಡುತ್ತೇನೆ, ನಾಳೆ ಮಾತಾಡುತ್ತೇನೆ ಎನ್ನುತ್ತ ಕವನಾ ಎರಡು ತಿಂಗಳು ಕಳೆದಳು. ಗೆದ್ದ ತಂಡದ ಹುಡುಗರು ಕ್ಯಾಂಪಸ್ ಇಂಟರ್‌ವ್ಯೂಗಳಲ್ಲಿ ಮುಳುಗಿದರು. ಹಿಂಭಾಗದ ಕೋಣೆಯ ಬೀಗವನ್ನು ಯಾರೂ ತೆಗೆಯಲಿಲ್ಲ. ಅದನ್ನು ಕಂಡ ಮೇಲೆ ಕವನಾ ಆ ಕೋಣೆಯನ್ನು ಕರಿಯಣ್ಣನವರಿಗೆ ಕೊಡಿ ಎಂದು ಮೇಡಂ ಹತ್ತಿರ ಕೇಳಿ, ಒಪ್ಪಿಸಿ, ಜನ್ನಾಪುರದ ಬಸ್ಸು ಹತ್ತಿದಳು.

ಬಾಗಿಲು ತೆರೆದದ್ದು ಸುಮನಾಳ ಅಮ್ಮ ಪುಷ್ಪಮ್ಮ. ಮನೆಯ ಮುಂದಿನ ರಸ್ತೆ ಖಾಲಿಯಿತ್ತು.

“ಅವ್ರು ಈಗ ಸೆಕ್ಯೂರಿಟಿ ಕೆಲಸಕ್ಕೆ ಹೋಗ್ತಾರಮ್ಮ. ಷಣ್ಮುಖಪ್ಪನೂ ತರೀಕೆರೆಗೆ ಮಗಳ ಮನೆಗೆ ಹೋದ್ರು. ಅವತ್ತು ಬಂದ್ಮೇಲೆ ಇಬ್ರಿಗೂ ಮನಸ್ಸೇ ಬರ್ಲಿಲ್ಲ,” ಎಂದು ಹೇಳಿ ಪುಷ್ಪಮ್ಮ ಕಾಫಿ ಮಾಡಲು ಒಳಗೆ ಹೋದರು.

“ಆ ರೂಮ್ ಖಾಲಿ ಇದೆ ಕಣೇ. ಮೇಡಂ ಕೊಡ್ತೀನಿ ಅಂದ್ರು,” ಎಂದಳು ಕವನಾ, ಒಳಗಿನಿಂದ ಬಂದು ಎದುರಿಗೆ ಕೂತ ಸುಮನಾಳಿಗೆ.

“ಕೊಟ್ಟು? ಕೆಲಸ ಮಾಡೋರೇ ಇಲ್ವಲ್ಲ.”

“ತಪ್ಪಾಯ್ತು ಸುಮನಾ. ನೀನು ಅರ್ಥ ಮಾಡ್ಕೋತೀಯ ಅಂತ...”

“ನನ್ನನ್ನ ಬಿಟ್ಟಿದ್ದಕ್ಕಲ್ಲ ಬೇಜಾರು. ಕಷ್ಟ ಹೇಳ್ಕೊಂಡಿದ್ರೆ ನಾನೇ ಹಿಂದೆ ಸರೀತಿದ್ದೆ.” ಸುಮನಾಳ ದನಿ ಏರಲಿಲ್ಲ. “ನಮ್ಮನ್ನ ತೆಗೆದಿದಾರೆ ಅಂತ ಕೊನೆಗೆ ನಾನೇ ಅಪ್ಪಂಗೆ ಹೇಳ್ದೆ. ನಂಬ್ಲಿಲ್ಲ. ಆ ಹುಡುಗಿ ಕಾಯಿರಿ ಅಂದಿದಾಳೆ, ಸುಳ್ಳು ಹೇಳ್ತಾಳಾ ಅಂದ್ರು. ಹಾಲ್ ಗುಡಿಸೋರು ಬಂದು ಎಬ್ಬಿಸೋವರೆಗೂ ಕೂತಿದ್ರು.”

ಕಾಫಿ ಕುಡಿದ ಮೇಲೂ ಕವನಾ ಹೊರಡಲಿಲ್ಲ; ಕರಿಯಣ್ಣನವರಿಗಾಗಿ ಕಾದಳು. ಆರರ ಹೊತ್ತಿಗೆ ಅವರು ನೀಲಿ ಸಮವಸ್ತ್ರದಲ್ಲಿ ಬಂದರು. ಅವಳು ಎದ್ದು ನಿಂತು, ಅವತ್ತಿನದೆಲ್ಲ ಹೇಳಿದಳು, ಗೆರೆ ಎಳೆದದ್ದೂ ಸೇರಿ. ಕರಿಯಣ್ಣ ಪೂರ್ತಿ ಕೇಳಿದರು.

“ಅವತ್ತೇ ಹೇಳಿದ್ರೆ ಆಗ್ತಿತ್ತಮ್ಮ,” ಎಂದು ಮಾತ್ರ ಅಂದು, ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು.

ಬಸ್ ಸ್ಟಾಪಿನವರೆಗೆ ಸುಮನಾ ಜತೆಯಲ್ಲಿ ಬಂದಳು. ದಾರಿಯುದ್ದಕ್ಕೂ ಇಬ್ಬರೂ ಪರೀಕ್ಷೆಯ ವಿಷಯವನ್ನೇ ಮಾತಾಡಿದರು.