ಮೆಟ್ಟಿಲು ಬರೆಯದ ಪಾಲುಪತ್ರ

ಪುತ್ತೂರು ಪೇಟೆಯ ಆ ಮುರಕಲ್ಲಿನ ಮಾಳಿಗೆ ಮನೆಗೆ ನೂರಹತ್ತು ವರ್ಷ. ಎರಡು ಮೊಳ ದಪ್ಪದ ಗೋಡೆ. ಕಲ್ಲಿಗೂ ಕಲ್ಲಿಗೂ ನಡುವೆ ಸಿಮೆಂಟಿಲ್ಲ, ಬರೀ ಕೆಮ್ಮಣ್ಣು. ಪಾಲಾಗುವಾಗ ಕೆಳಗಿನದು ಅಣ್ಣ ಸಿದ್ದೀಕನಿಗೆ, ಮಾಳಿಗೆ ತಂಗಿ ಸುಹರಾಗೆ ಎಂದಾಯಿತು. ಮೆಟ್ಟಿಲು ಯಾರದೆಂದು ಪತ್ರದಲ್ಲಿ ಬರೆಯಲಿಲ್ಲ. “ಒಡಹುಟ್ಟಿದವರ ಮಧ್ಯೆ ಮೆಟ್ಟಿಲು ಬರೆಯುದು ಎಂತ ಮರ್ಯಾದೆ ಮಾರಾಯ್ರೆ?” ಎಂದಿದ್ದರು ಪಂಚಾತಿಕೆಗೆ ಕೂತ ಹಿರಿಯರು. ಮರ್ಯಾದೆಯಂತೆ, ಮಣ್ಣಂಗಟ್ಟಿ.

ಗಂಡ ಬಿಟ್ಟ ಮೇಲೆ ಸುಹರಾಗೆ ಆ ಮಾಳಿಗೆಯಲ್ಲದೆ ಬೇರೆ ಸೂರಿರಲಿಲ್ಲ. ಸಿದ್ದೀಕನಿಗೆ ಅದೂ ಬೇಕಿತ್ತು. ಅವಳು ಸವಣೂರಿನ ಮದುವೆಗೆ ಹೋಗಿ ಮೂರು ದಿನ ಬಿಟ್ಟು ಬರುವಷ್ಟರಲ್ಲಿ, ಚಾವಡಿಯ ಹದಿನಾಲ್ಕು ಕಲ್ಲಿನ ಮೆಟ್ಟಿಲನ್ನೂ ಕಿತ್ತು ಅಂಗಳದಲ್ಲಿ ಪೇರಿಸಿಟ್ಟಿದ್ದ.

“ನನ್ನ ಚಾವಡಿಯಲ್ಲಿ ಜಾಗ ಸಾಲುದಿಲ್ಲ. ನೀನು ಹಾರಿಕೊಂಡು ಹೋಗು,” ಎಂದ.

ಸುಹರಾ ಹಲ್ಲು ಕಚ್ಚಿ ಸಹಿಸಿದಳು. ಹಿತ್ತಿಲ ಕಡೆಯ ಮಾಳಿಗೆ ಕಿಟಕಿಯ ಸರಳು ಕೀಳಿಸಿ, ಏಣಿ ಇಟ್ಟು, ಎರಡು ತಿಂಗಳು ಹತ್ತಿ ಇಳಿದಳು. ದಿನಾ ಏಣಿಯ ಬುಡ ಹಿಡಿಯುತ್ತಿದ್ದವಳು ಸಿದ್ದೀಕನ ಹೆಂಡತಿ ಫೌಝಿಯಾ. ಪಾಪದ ಹೆಂಗಸು, ಗಂಡನ ಕಣ್ಣು ತಪ್ಪಿಸಿ ಬರುತ್ತಿದ್ದಳು.

ಮೇ ಕೊನೆಗೆ ಸುಹರಾ ಶೀನಪ್ಪ ಮೇಸ್ತ್ರಿಯನ್ನು ಕರೆಸಿದಳು. “ಮಾಳಿಗೆ ನನ್ನದು. ಹಾಗಾದ್ರೆ ಅದರ ಮೇಲಿನ ಮಾಡೂ ನನ್ನದೇ. ಹಂಚು, ಅದರಡಿಯ ಪಕ್ಕಾಸು ಎಲ್ಲ ಇಳಿಸಿ.”

ಶೀನಪ್ಪ ತಲೆ ಕೆರೆದುಕೊಂಡ. “ಅಕ್ಕ, ಇಂಥಾ ಗೋಡೆಗೆ ಮಾಡೇ ಜೀವ. ಮೇಲಿಂದ ಮಳೆ ನೀರು ಇಳಿದ್ರೆ ಒಳಗಿನ ಮಣ್ಣು ಕರಗಿ ಹೋಗ್ತದೆ. ಕೆಳಗೆ ಜನ ಉಂಟು.”

“ಗೊತ್ತುಂಟು,” ಎಂದಳು ಸುಹರಾ.

ಫೌಝಿಯಾ ಅವಳ ಕೈ ಹಿಡಿದು ಅತ್ತಳು. “ನಾನು ನಿನಗೆ ಎಂತ ಮಾಡಿದ್ದೇನೆ?”

ಸುಹರಾ ಕೈ ಬಿಡಿಸಿಕೊಂಡಳು. ಹಂಚು ಲಾರಿ ಹತ್ತಿತು, ಅವಳು ನೆಟ್ಟಣದಲ್ಲಿ ಬಾಡಿಗೆ ಕೋಣೆ ಹಿಡಿದಳು. ಸಿದ್ದೀಕ್ ಟಾರ್ಪಾಲು ಹೊದಿಸಲು ಹೊರಟಾಗ, ನನ್ನ ಮಾಳಿಗೆಗೆ ಕಾಲಿಟ್ಟರೆ ಕೇಸು ಎಂದು ವಕೀಲರಿಂದ ನೋಟೀಸು ಕೊಡಿಸಿದಳು.

ಜುಲೈಯ ಒಂದು ಶುಕ್ರವಾರ ಮಧ್ಯಾಹ್ನ ಶೀನಪ್ಪ ಫೋನ್ ಮಾಡಿದ. ಚಾವಡಿಯ ಗೋಡೆ ಕುಸಿದಿತ್ತು. ಫೌಝಿಯಾಳ ಎರಡೂ ಕಾಲು ಕಲ್ಲಿನಡಿ ಜಜ್ಜಿಹೋಗಿದ್ದವು, ಇನ್ನವಳು ನಡೆಯುವುದಿಲ್ಲವಂತೆ.

“ಸಿದ್ದೀಕ್?” ಎಂದು ಕೇಳಿದಳು ಸುಹರಾ.

“ಅವರಿಗೆ ಎಂತದೂ ಆಗ್ಲಿಲ್ಲ ಅಕ್ಕ. ಆ ಹೊತ್ತಿಗೆ ಅಂಗಡಿಗೆ ಹೋಗಿದ್ರು.”

ಸುಹರಾಗೆ ಮೈಯೆಲ್ಲ ಉರಿದುಹೋಯಿತು.

“ಶುಕ್ರವಾರ ಊಟ ಮಾಡಿ ಚಾವಡಿಯಲ್ಲೇ ಮಲಗುವವನಲ್ವಾ ಅವನು?” ಎಂದಳು. “ಇವತ್ತು ಯಾಕೆ ಹೋದದ್ದು?”