ಫೋರ್‌ಮನ್ ಬಂಡೆ

ಭಾನುವಾರ ಬೆಳಿಗ್ಗೆ ಎದ್ದು, ಎರಡು ಬಸ್ಸು ಬದಲಿಸಿ, ಬರೀ ಒಂದು ಬಂಡೆ ಹತ್ತಲು ಘೋಟಿಗೆ ಹೋಗುವ ಗಂಡಸನ್ನು ನಾಸಿಕದ ಬಳಿಯ ಓಝರಿನ ಕಾಲೊನಿಯಲ್ಲಿ ಹುಚ್ಚ ಅನ್ನದೆ ಇನ್ನೇನು ಅನ್ನುತ್ತಾರೆ? ಇಬ್ಬರಿದ್ದಾಗ ರೇವಣಪ್ಪನಿಗೆ ಆ ಮಾತು ಕೇಳಿ ನಗು ಬರುತ್ತಿತ್ತು. ಈಗ ಒಬ್ಬನೇ, ನಗುವುದು ಯಾರ ಜೊತೆ?

ಹುಮನಾಬಾದಿನ ಈ ರೇವಣಪ್ಪ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಮೈಸೂರಿನ ಸುಬ್ರಹ್ಮಣ್ಯ, ಅವನ ಬಾಯಲ್ಲಿ ಸುಬ್ಬಣ್ಣ, ಅದೇ ಶಾಪಿನ ಇನ್‌ಸ್ಪೆಕ್ಟರ್, ಅವನಿಗಿಂತ ಆರು ವರ್ಷ ದೊಡ್ಡವನು. ಅರವತ್ತೆಂಟನೇ ಇಸವಿಯಲ್ಲಿ ಘೋಟಿಯಾಚೆಯ ಕಾಡಿಗೆ ಬುತ್ತಿ ಕಟ್ಟಿಕೊಂಡು ಹೋದವರ ಕಣ್ಣಿಗೆ ಸಾಗುವಾನಿ ಮರಗಳ ನಡುವಿನ ಈ ಕರಿಬಂಡೆ ಬಿತ್ತು. ಎರಡಾಳಿಗಿಂತ ತುಸು ಎತ್ತರ, ನಡುವೆ ಉಬ್ಬಿದ ಹೊಟ್ಟೆ. ಏನು ಮಾಡಿದರೂ ಒಲಿಯದ್ದಕ್ಕೆ ‘ಫೋರ್‌ಮನ್’ ಎಂದು ಹೆಸರಿಟ್ಟರು. ಹಗ್ಗ ಗಿಗ್ಗ ಏನೂ ಇಲ್ಲ. ಒಬ್ಬ ಹತ್ತಬೇಕು, ಇನ್ನೊಬ್ಬ ಕೆಳಗೆ ಕೈ ಚಾಚಿ ನಿಲ್ಲಬೇಕು. ಇಳಿಯುವಾಗ ಬಂಡೆಯ ಹೊಟ್ಟೆ ಅಡ್ಡ ಬಂದು ಕಾಲಿಡುವ ಜಾಗ ಕಾಣುವುದಿಲ್ಲವಲ್ಲ, ಅದನ್ನೂ ಕೆಳಗಿನವನೇ ಹೇಳಬೇಕು. ಸುಬ್ರಹ್ಮಣ್ಯ ಉದ್ದನೆಯ ಆಳು, ಎರಡನೇ ವರ್ಷವೇ ಹತ್ತಿಬಿಟ್ಟ. ರೇವಣಪ್ಪ ಮಾತ್ರ ಪ್ರತಿ ಸಲವೂ ಹೊಟ್ಟೆಯ ಹತ್ತಿರ ಸೋತು ಇಳಿಯುತ್ತಿದ್ದ.

ಕಾರಣ, ಕೊರಳ ಲಿಂಗ. ಹೊಟ್ಟೆಗೆ ಎದೆ ಒತ್ತಿ ಮೇಲಿನ ಬಿರುಕಿಗೆ ಕೈ ಹಾಕಬೇಕು ಅನ್ನುವಾಗ ಲಿಂಗದ ಬೆಳ್ಳಿ ಕರಡಿಗೆ ನಡುವೆ ಸಿಕ್ಕಿ ಮೈಯನ್ನು ಒಂದು ಬೆರಳು ಹೊರಗೆ ನೂಕುತ್ತಿತ್ತು. ಬೆನ್ನಿಗೆ ಸರಿಸಿದರೆ ಎರಡು ಹೆಜ್ಜೆಗೇ ಜಾರಿ ಮತ್ತೆ ಎದೆಗೆ ಬರುತ್ತಿತ್ತು.

“ತೆಗೆದು ನನ್ನ ಕೈಗೆ ಕೊಡಯ್ಯ, ಎರಡು ನಿಮಿಷ ಹಿಡ್ಕೊಂಡಿರ್ತೀನಿ,” ಅಂದಿದ್ದ ಸುಬ್ರಹ್ಮಣ್ಯ, ಒರಿಸ್ಸಾದ ಕೋರಾಪುಟ್ಟಿಗೆ ವರ್ಗವಾಗಿ ಹೊರಡುವ ಹಿಂದಿನ ಭಾನುವಾರ. “ನಾನು ಹೋಗೋದ್ರೊಳಗೆ ನೀನು ಮೇಲೆ ನಿಂತಿರೋದನ್ನ ನೋಡ್ಬೇಕು ಕಣೋ.”

“ಇದೇನು ವಾಚ್ ಅಂತ ತಿಳದೀರೇನ್ರಿ, ಕಳಚಿ ಕೊಡ್ಲಿಕ್ಕ? ಜೀವ ಹೋದ ಮ್ಯಾಲೂ ಮೈಮ್ಯಾಗ ಇರೂದದು!”

“ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?”

“ಇಲ್ಲ ಅನ್ಕೋರಿ!”

ಬಾಯಿಂದ ಬಿದ್ದದ್ದು ಬಿದ್ದೇಹೋಯಿತು. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟು ಹಿಡಿದರು. ಬುಧವಾರ ಕಾಲೊನಿಯ ಕನ್ನಡದವರೆಲ್ಲ ನಾಸಿಕ್ ರೋಡ್ ಸ್ಟೇಷನ್ನಿಗೆ ಹೋಗಿ ಕಳಿಸಿಬಂದರು. ರೇವಣಪ್ಪ ಖೋಲಿಯ ಬಾಗಿಲು ಹಾಕಿಕೊಂಡು ಮಲಗಿದ್ದ. ಇದಾಗಿ ಆರು ತಿಂಗಳು. ಕೋರಾಪುಟ್ಟಿನಿಂದ ಒಂದು ಕಾರ್ಡು ಬಂದಿತ್ತು, ಒಂದೇ ಸಾಲು: ‘ಫೋರ್‌ಮನ್ ಒಲಿದನೋ?’ ಹತ್ತದೆ ಏನಂತ ಬರೆಯುವುದು? ಹತ್ತಿಯೇ ಬರೆಯಬೇಕು, ಆ ನೆವದಲ್ಲಾದರೂ ತಪ್ಪಾಯಿತು ಅನ್ನಬೇಕು. ಅದಕ್ಕೇ ಖಾಲಿ ಕಾರ್ಡೊಂದನ್ನು ಚೀಲದಲ್ಲಿಟ್ಟುಕೊಂಡು ಭಾನುವಾರ ತಪ್ಪದೆ ಬರುತ್ತಿದ್ದ, ಸೋತು ಹೋಗುತ್ತಿದ್ದ.

ಈ ಭಾನುವಾರ ಬಿಸಿಲು ಜೋರಾಗಿತ್ತು. ತಲೆಗೆ ಟವಲ್ ಸುತ್ತುವಾಗ ಅಜ್ಜ ವಿಶ್ವನಾಥಪ್ಪ ನೆನಪಾದ. ಕಾರಂಜಾ ಹೊಳೆ ತುಂಬಿ ಬಂದಾಗ ಅಜ್ಜ ಲಿಂಗವನ್ನು ನೆತ್ತಿಯ ಮೇಲಿಟ್ಟು, ರುಮಾಲು ಬಿಗಿದು ದಾಟುತ್ತಿದ್ದ. ಅಯ್ಯೋ ಶಿವನೇ, ಮೂರು ವರ್ಷ ಈ ಬುದ್ಧಿ ಎಲ್ಲಿ ಸತ್ತುಹೋಗಿತ್ತು! ಅವತ್ತು ಸಿಟ್ಟು ಬರುವ ಬದಲು ಇದು ನೆನಪಾಗಿದ್ದರೆ ಸುಬ್ಬಣ್ಣ ನೋಡಿಕೊಂಡೇ ಹೋಗುತ್ತಿದ್ದನಲ್ಲ. ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ನೆತ್ತಿಯ ಮೇಲಿಟ್ಟು, ಟವಲನ್ನು ಗದ್ದದಡಿ ಗಂಟು ಹಾಕಿದ.

ಎದೆ ಬಂಡೆಗೆ ಪೂರ್ತಿ ಹತ್ತಿತು. ಬಲಗೈ ಬಿರುಕಿಗೆ ಹೋಯಿತು. ನೋಡನೋಡುತ್ತ ಮೇಲೆ ಬಂದುಬಿಟ್ಟಿದ್ದ.

“ಸುಬ್ಬಣ್ಣಾ!” ಎಂದು ಕೂಗಿ ತಿರುಗಿದ. ಕೆಳಗೆ ಅವನವೇ ಎರಡು ಚಪ್ಪಲಿ. ಕಟ್ಟಿಗೆ ಹೊರೆ ಹೊತ್ತು ಹೋಗುತ್ತಿದ್ದ ಮುದುಕಿಯೊಬ್ಬಳು ಕತ್ತೆತ್ತಿ, “ವರ್ ಕಾಯ್ ಸಾಪಡ್ಲಂ ರೇ ಬಾಬಾ?” ಅಂದಳು. ಮೇಲೇನು ಸಿಕ್ಕಿತು ಅಂತ ಅವಳ ಪ್ರಶ್ನೆ.

“ಕಾಹೀ ನಾಹೀ, ಮಾವಶಿ.”

ಏನೂ ಇಲ್ಲದ್ದಕ್ಕೆ ಇಷ್ಟು ಒದ್ದಾಟವೇ ಎಂಬಂತೆ ನಕ್ಕು ಅವಳು ಹೊರಟುಹೋದಳು. ಮೂರು ವರ್ಷದ ಆಸೆ ಕೈಗೂಡಿದ ದಿನ ರೇವಣಪ್ಪ ಮೊಣಕಾಲಿಗೆ ಮುಖವಿಟ್ಟು ಅತ್ತ.

ಒಬ್ಬನೇ ಬಂದಾಗೆಲ್ಲ ಹೊಟ್ಟೆಯ ಕೆಳಗಿನಿಂದಲೇ ಹಿಂದಿರುಗುತ್ತಿದ್ದ. ಈಗ ಮೇಲಿನಿಂದ ಇಳಿಯಲು ಹೋದಾಗ ಗೊತ್ತಾಯಿತು, ಜಾಗ ಹೇಳುವವರಿಲ್ಲ. ಕಾಲು ಗಾಳಿಯಲ್ಲಿ ತಡಕಾಡಿತು. ಆಗ ಅವನ ಬಾಯಿಂದ ಅವನದಲ್ಲದ ಮೈಸೂರಿನ ಕನ್ನಡ ಹೊರಟಿತು.

“ಎಡಗಾಲು ಒಂದು ಗೇಣು ಕೆಳಗೆ ಕಣಯ್ಯ.”

ಇಟ್ಟ. ಸಿಕ್ಕಿತು.

“ಆತುರ ಬೇಡ. ಬಲಗಾಲು ಒಳಕ್ಕೆ ತಗೋ, ಇನ್ನೂ ಒಳಕ್ಕೆ. ಹ್ಞಾ, ಅಲ್ಲೇ.”

ಅದೂ ಸಿಕ್ಕಿತು. ಪ್ರತಿ ಭಾನುವಾರ ಕೇಳಿದ್ದ ಒಂದೊಂದು ಮಾತೂ ಸಾಲಾಗಿ ಬಂತು.

ಕೊನೆಗೆ ಒಂದಾಳೆತ್ತರ ಉಳಿಯಿತು. ಅಲ್ಲಿಂದ ಕೈ ಬಿಟ್ಟೇ ಧುಮುಕಬೇಕು. ಅಲ್ಲಿ ಸುಬ್ರಹ್ಮಣ್ಯ ಬೆನ್ನಿಗೆ ಅಂಗೈ ಕೊಟ್ಟು, “ಬಿಡೋ, ನಾನಿದ್ದೀನಿ,” ಅನ್ನುತ್ತಿದ್ದ. ರೇವಣಪ್ಪ ಬಾಯಿ ತೆರೆದ. “ಬಿಡೋ” ಅನ್ನುವಷ್ಟು ಬಂತು. ಉಳಿದದ್ದು ಏನು ಮಾಡಿದರೂ ಬರಲಿಲ್ಲ.

ಕೈ ಬಿಟ್ಟ. ಬಿದ್ದ ರಭಸಕ್ಕೆ ಕಾಲು ಉಳುಕಿತು. ಕೂತಲ್ಲೇ ಟವಲ್ ಬಿಚ್ಚಿ, ಲಿಂಗವನ್ನು ಕೊರಳಿಗೆ ಹಾಕಿಕೊಂಡು, ಚೀಲದಿಂದ ಕಾರ್ಡು ತೆಗೆದ. ಫೋರ್‌ಮನ್ ಒಲಿದ ಸುದ್ದಿಗೆಂದೇ ಆರು ತಿಂಗಳಿಂದ ಕಾದಿಟ್ಟ ಕಾರ್ಡು. ಅದರಲ್ಲಿ ಬರೆದದ್ದು ಇಷ್ಟೇ:

‘ಸುಬ್ಬಣ್ಣಾ, ಅವತ್ತು ನಾ ಸ್ಟೇಷನ್ನಿಗಿ ಬರಬೇಕಾಗಿತ್ತು. ಕಾಲು ಉಳಕ್ಯಾದ. ನೀವು ಯಾವಾಗ ಬರ್ತೀರಿ?’