ಕರಡಿಗೆಯ ಕೀಲಿಗೆ ಒಂದು ಹನಿ

ಸಮುದ್ರದಿಂದ ಇನ್ನೂರು ಮೈಲಿ ಒಳಗಿರುವ ಬೆಂಗಳೂರಿನ ಮತ್ತಿಕೆರೆಯಲ್ಲಿ, ತಿಮಿಂಗಿಲಗಳಿಗೆ ಕಷ್ಟ ಬಂದಿದೆ ಎಂದು ಸಹಿ ಕೇಳಿಕೊಂಡು ಅಂಗಡಿ ಅಂಗಡಿ ಸುತ್ತುವವನನ್ನು ಏನೆನ್ನಬೇಕು? ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಎನ್ನಬೇಕು. ವಾಚ್ ರಿಪೇರಿ ಸಿದ್ರಾಮಪ್ಪ ಅನ್ನುತ್ತಿದ್ದುದೂ ಅದನ್ನೇ. ಬದರೀನಾಥ ಮೇಷ್ಟ್ರು ಕಾಗದದ ಕಟ್ಟನ್ನು ಬಗಲಲ್ಲಿಟ್ಟುಕೊಂಡು ರಸ್ತೆ ದಾಟಿ ಬರುವುದು ಕಂಡಾಗ ಅವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನೂ ತೆಗೆಯದೆ, ಬಿಚ್ಚಿದ್ದ ಗಡಿಯಾರದೊಳಕ್ಕೆ ತಲೆ ತೂರಿಸಿ ಕೂತುಬಿಟ್ಟ.

ಅದು ಎಂಬತ್ತೆರಡನೇ ಇಸವಿಯ ಜೂನ್ ತಿಂಗಳು. ಬದರೀನಾಥ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಮೇಷ್ಟ್ರು. ಎರಡು ವರ್ಷದ ಹಿಂದೆ ಬೊಂಬಾಯಿಗೆ ಯಾವುದೋ ಸೆಮಿನಾರಿಗೆ ಹೋಗಿ, ಅಲ್ಲಿ ತಿಮಿಂಗಿಲ ಕೊಲ್ಲುವ ಫಿಲಂ ನೋಡಿ ಬಂದವರು ಆಮೇಲೆ ಬೇರೆ ಮಾತೇ ಆಡಿರಲಿಲ್ಲ. ಮುಂದಿನ ತಿಂಗಳು ಇಂಗ್ಲೆಂಡಿನಲ್ಲಿ ದೇಶದೇಶದವರು ಸೇರಿ ತಿಮಿಂಗಿಲದ ಬೇಟೆ ನಿಲ್ಲಿಸಬೇಕೋ ಬೇಡವೋ ಎಂದು ಓಟು ಹಾಕುವವರಿದ್ದರು. ಭಾರತ ನಿಲ್ಲಿಸುವ ಕಡೆಗೇ ಕೈ ಎತ್ತಬೇಕು ಎಂದು ದೆಹಲಿಗೆ ಅರ್ಜಿ ಕಳಿಸುವುದು ಮೇಷ್ಟ್ರ ಹಟ.

"ಒಂದು ಸಹಿ ಹಾಕಿ ಸಿದ್ರಾಮಪ್ಪನವರೇ. ನಿಮ್ಮಂಥ ಸಸ್ಯಾಹಾರಿಗಳೇ ಹಾಕ್ದಿದ್ರೆ ಇನ್ಯಾರು ಹಾಕ್ತಾರೆ?"

"ಹೆಬ್ಬಾಳ ಕೆರ್ಯಾಗ ತಿಮಿಂಗಿಲ ಬಂದದೇನ್ರಿ ಮಾಸ್ತರ?" ಗದಗಿನ ಕಡೆಯ ಸಿದ್ರಾಮಪ್ಪ ಬೆಂಗಳೂರಿಗೆ ಬಂದು ಇಪ್ಪತ್ತನಾಲ್ಕು ವರ್ಷವಾಗಿದ್ದರೂ ಕೆಣಕುವಾಗ ಅವನ ನಾಲಗೆ ಊರಿಗೆ ಹೋಗಿಬಿಡುತ್ತಿತ್ತು.

ಮೇಷ್ಟ್ರು ನಗಲಿಲ್ಲ. "ಹೆಬ್ಬಾಳಕ್ಕೆ ಬಂದಿಲ್ಲ ಕಣ್ರೀ. ನಿಮ್ಮ ಅಂಗಡಿಗೆ ಬಂದಿದೆ" ಎಂದು ಮೇಜಿನ ಮೇಲಿದ್ದ ಎಣ್ಣೆ ಬಾಟಲಿಗೆ ಬೆರಳು ತೋರಿಸಿದರು.

ಹೆಬ್ಬೆರಳಿನಷ್ಟು ದೊಡ್ಡ ಗಾಜಿನ ಬಾಟಲಿ ಅದು. ದಂಡಿನ ಪ್ರದೇಶದ ಹಳೇ ವಾಚ್ ಅಂಗಡಿಯೊಂದು ಬಾಗಿಲು ಹಾಕುವಾಗ ಅದರ ಮಾಲೀಕ ಇಂಥ ಆರು ಬಾಟಲಿಗಳನ್ನು ಸಿದ್ರಾಮಪ್ಪನ ಕೈಗಿಟ್ಟು ಹೋಗಿದ್ದ. ಒಂದು ಹನಿ ಹತ್ತು ವಾಚಿಗೆ ಸಾಕು. ಚಳಿಗೆ ಗಟ್ಟಿಯಾಗುವುದಿಲ್ಲ, ಬೇಸಿಗೆಗೆ ಹರಿದುಹೋಗುವುದಿಲ್ಲ. ಐದು ಮುಗಿದು ಇದೊಂದು ಉಳಿದಿತ್ತು. ಲೇಬಲ್ಲಿನ ಮೇಲೆ ಇಂಗ್ಲಿಷ್ ಅಕ್ಷರಗಳ ಜೊತೆ ಒಂದು ಮೀನಿನ ಚಿತ್ರ ಇದ್ದುದು ನಿಜ. ಆದರೆ ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಓದಿದ ಸಿದ್ರಾಮಪ್ಪ ಅದನ್ನು ಕಂಪನಿಯ ಗುರುತು ಎಂದುಕೊಂಡಿದ್ದ. ಬೆಂಕಿಪೊಟ್ಟಣದ ಮೇಲೆ ಹಡಗಿದ್ದರೆ ಒಳಗಿನ ಕಡ್ಡಿ ಹಡಗು ಒಡೆದು ಮಾಡಿದ್ದೇನು?

"ಪಾರ್ಪಸ್ ಅಂತ ಒಂದು ಪ್ರಾಣಿ, ತಿಮಿಂಗಿಲದ ಕುಲದ್ದೇ, ಡಾಲ್ಫಿನ್ನಿನ ತಂಗಿ ಇದ್ದ ಹಾಗೆ" ಎಂದರು ಮೇಷ್ಟ್ರು. "ಮೀನಲ್ಲ ಅದು. ನಮ್ಮ ಹಾಗೇ ಉಸಿರಾಡತ್ತೆ, ಮರಿಗೆ ಹಾಲು ಕೊಡತ್ತೆ. ಅದನ್ನ ಕೊಂದು, ದವಡೆ ಸೀಳಿ, ಒಳಗಿನ ಕೊಬ್ಬು ಕರಗಿಸಿ ತೆಗೆದ ಎಣ್ಣೆ ಇದು. ಲೇಬಲ್ ಮೇಲೇ ಬರೆದಿದೆ. ಆ ದವಡೆ ಕೊಬ್ಬು ಇದೆಯಲ್ಲ, ಅದೇ ಅದಕ್ಕೆ ಕಿವಿ ಇದ್ದ ಹಾಗೆ. ನೀರಲ್ಲಿ ಬರೋ ಶಬ್ದ ಅದರ ಮೂಲಕಾನೇ ಒಳಗೆ ಹೋಗೋದು."

ಸಿದ್ರಾಮಪ್ಪನ ಕೈ ತಾನಾಗಿ ಎದೆಗೆ ಹೋಯಿತು.

ಅಂಗಿಯೊಳಗೆ ಅವನ ಕರಡಿಗೆ ಇತ್ತು. ಲಿಂಗ ಕಟ್ಟಿಕೊಂಡವರು ಇಷ್ಟಲಿಂಗವನ್ನಿಟ್ಟು ಎದೆಯ ಮೇಲೆ ಧರಿಸುವ ಬೆಳ್ಳಿಯ ಕರಡಿಗೆ. ಬೆವರಿಗೆ ಅದರ ಕೀಲು ಬಿಗಿಯುವುದು, ಕಿರ್ರೆನ್ನುವುದು ಎಲ್ಲರಿಗೂ ಗೊತ್ತಿದ್ದ ತಾಪತ್ರಯ. ಈ ಎಣ್ಣೆ ಒಂದು ಹನಿ ಬಿದ್ದರೆ ಆರು ತಿಂಗಳು ಸದ್ದಿಲ್ಲ. ಮೊದಲು ತನ್ನದಕ್ಕೆ ಹಾಕಿಕೊಂಡ, ಆಮೇಲೆ ಹೆಂಡತಿ ಗಂಗಾದೇವಿಯದಕ್ಕೆ. ಆಮೇಲೆ ಧಾರವಾಡ, ಗದಗ, ವಿಜಾಪುರದ ಕಡೆಯಿಂದ ಬಂದು ಫ್ಯಾಕ್ಟರಿ ಆಫೀಸುಗಳಲ್ಲಿ ದುಡಿಯುವ ಮತ್ತಿಕೆರೆ ಯಶವಂತಪುರದ ಮಂದಿಯೆಲ್ಲ "ಒಂದು ಹನಿ ಹಾಕ್ರಿ ಸಿದ್ರಾಮಣ್ಣಾ" ಎಂದು ಅವನ ಮೇಜಿನ ಮೇಲೆ ಎದೆ ಬಗ್ಗಿಸಿ ನಿಂತರು. ಪುಣ್ಯದ ಕೆಲಸ ಎಂದು ಅವನು ಸತ್ತ ಪ್ರಾಣಿಯ ಕೊಬ್ಬನ್ನು ನೂರಾರು ಲಿಂಗಗಳ ಮನೆಬಾಗಿಲಿಗೆ ಸವರಿದ್ದ. ಮೊಟ್ಟೆ ತಿಂದವನ ಪಕ್ಕ ಕೂತು ನೀರು ಕುಡಿಯದ ಜನ ಅವರು.

"ಯಾರಿಗೂ ಹೇಳಬ್ಯಾಡ್ರಿ ಮಾಸ್ತರ" ಎಂದ. ಅಷ್ಟು ಸಣ್ಣ ದನಿ ತನ್ನದೇ ಎಂದು ಅವನಿಗೇ ನಾಚಿಕೆಯಾಯಿತು.

ಮೇಷ್ಟ್ರು ಇದಕ್ಕೇ ಕಾದಿದ್ದವರಂತೆ ಸ್ಟೂಲು ಎಳೆದುಕೊಂಡರು. ಬರುವ ಭಾನುವಾರ ಬೆಳಗ್ಗೆ ಸಭೆ, ಅದೂ ಸಿದ್ರಾಮಪ್ಪನ ಜನರದೇ ಸಂಘದ ಹಾಲಿನಲ್ಲಿ. ಅಧ್ಯಕ್ಷ ವೀರಬಸಪ್ಪ ಹಾಲ್ ಬಿಟ್ಟುಕೊಟ್ಟಿದ್ದ. ಮಾಂಸ ಮುಟ್ಟದ ಜನ ಒಟ್ಟಿಗೆ ಕೂತರೆ ಸಹಿ ಬೇಗ ಬೀಳುತ್ತವೆ ಎಂಬ ಲೆಕ್ಕ. "ನನಗೆ ಆ ಬಾಟಲಿ ಕೊಡಿ ಸಾಕು, ವೇದಿಕೆ ಮೇಲೆ ಎತ್ತಿ ತೋರಿಸ್ತೀನಿ. ಎಲ್ಲಿ ಸಿಕ್ತು ಅಂತ ಹೇಳಲ್ಲ, ಕರಡಿಗೆ ವಿಷಯ ಎತ್ತಲ್ಲ. ಕೊಡ್ಲಿಲ್ಲ ಅಂದ್ರೆ... ನಾನು ಇದ್ದದ್ದು ಇದ್ದ ಹಾಗೇ ಹೇಳ್ಬೇಕಾಗತ್ತೆ, ನೋಡಿ."

ಇಷ್ಟು ಹೇಳಿ, ಮಣಿಕಟ್ಟು ತಿರುಗಿಸಿ ಟೈಮು ನೋಡಿಕೊಂಡು ಎದ್ದು ಹೋದರು.

ಆ ಮಣಿಕಟ್ಟನ್ನು ನೋಡಿದಾಗಲೇ ಸಿದ್ರಾಮಪ್ಪನಿಗೆ ನೆನಪಾಗಿದ್ದು. ಅದು ಮೇಷ್ಟ್ರ ತಂದೆಯ ಹದಿನೇಳು ಕಲ್ಲಿನ ಸ್ವಿಸ್ ವಾಚು. ಆರು ವರ್ಷದ ಹಿಂದೆ ಅದಕ್ಕೆ ಹೊಸದಾಗಿ ಬಂದಿದ್ದ ಬೇರೆ ಎಣ್ಣೆ ಹಾಕಿಕೊಟ್ಟಿದ್ದ. ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ ಎಂದು ಮೇಷ್ಟ್ರು ಬಂದು ಕೂಗಾಡಿದ್ದರು. ಆಗ ಇದೇ ಬಾಟಲಿ ತೆಗೆದು, "ಹಳೇದು ಇದೊಂದೇ ಉಳಿದದ, ಅದಕ್ಕ ಜ್ವಾಕಿ ಮಾಡೀನಿ" ಎಂದಿದ್ದ. ಮೇಷ್ಟ್ರು ಬಾಟಲಿ ಕೈಗೆ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ಲೇಬಲ್ಲನ್ನು ಮೊದಲಿನಿಂದ ಕೊನೆಯವರೆಗೆ ಓದಿ ನಕ್ಕಿದ್ದರು. "ಇದನ್ನೇ ಹಾಕಿ. ಇಂಥ ಎಣ್ಣೆ ಇನ್ನು ಪ್ರಪಂಚದಲ್ಲಿ ಸಿಗಲ್ಲ" ಎಂದಿದ್ದರು. ಪಕ್ಕದಲ್ಲೇ ವೀರಬಸಪ್ಪ ಎದೆ ಬಗ್ಗಿಸಿ ನಿಂತಿದ್ದ. ಸಿದ್ರಾಮಪ್ಪ ವಾಚಿಗೆ ಎಣ್ಣೆ ಮುಟ್ಟಿಸಿದ ಕಡ್ಡಿಯಿಂದಲೇ ಅವನ ಕರಡಿಗೆಯ ಕೀಲಿಗೂ ಹನಿ ಮುಟ್ಟಿಸಿದ್ದ. ಪ್ರಾಣಿಶಾಸ್ತ್ರದ ಮೇಷ್ಟ್ರು ಅದನ್ನು ನೋಡುತ್ತಾ ನಿಂತಿದ್ದರು. ಒಂದು ಮಾತು ಹೇಳಲಿಲ್ಲ.

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ! ಸಿದ್ರಾಮಪ್ಪನ ಮೈಯೆಲ್ಲ ಉರಿಯಿತು. ತಾನು ಓದು ಬಾರದೆ ಕೆಟ್ಟ. ಇವನು ಓದಿ, ತಿಳಿದು, ನಕ್ಕು, ತನ್ನ ವಾಚಿಗೆ ಹಾಕಿಸಿಕೊಂಡು ಹೋದ. ಈಗ ಅದೇ ಬಾಟಲಿ ಹಿಡಿದು ವೇದಿಕೆ ಹತ್ತಿ ಹಾರ ಹಾಕಿಸಿಕೊಳ್ಳುತ್ತಾನೆ.

ಬಾಟಲಿ ಕೊಟ್ಟು ಬಾಯಿ ಮುಚ್ಚಿದ್ದರೆ ಸಿದ್ರಾಮಪ್ಪನ ಮಾನ ಉಳಿಯುತ್ತಿತ್ತು. ನಾಲ್ಕು ದಿನ ಅವನು ಅದನ್ನೇ ತಿರುವಿ ಹಾಕಿದ. ಆ ನಾಲ್ಕು ದಿನ ಒಂದು ವಾಚನ್ನೂ ಕಿವಿಗೆ ಹಿಡಿಯಲಾಗಲಿಲ್ಲ. ಎಣ್ಣೆ ಹಾಕಿ, ಮುಚ್ಚಳ ಒತ್ತಿ, ಕಿವಿಗಿಟ್ಟು ಟಿಕ್ ಟಿಕ್ ಕೇಳಿಯೇ ಗಿರಾಕಿಗೆ ಕೊಡುವುದು ಅವನ ಪದ್ಧತಿ. ಈಗ ಕೈ ಅರ್ಧಕ್ಕೆ ಏರಿ ನಿಲ್ಲುತ್ತಿತ್ತು. ಒಂದು ಪ್ರಾಣಿ ಕೇಳುತ್ತಿದ್ದ ಕಿವಿಯನ್ನು ಕಿತ್ತು ತಂದು ತನ್ನ ಕಿವಿಗೆ ಹಿಡಿದುಕೊಂಡಂತೆ ಅನಿಸಿ ವಾಚನ್ನು ಮೇಜಿನ ಮೇಲೆ ಇಟ್ಟುಬಿಡುತ್ತಿದ್ದ. ಕಾಣದ ಸಮುದ್ರದ, ಹೆಸರು ಗೊತ್ತಿಲ್ಲದ ಪ್ರಾಣಿಗೆ ಅವನು ಮರುಗಿದ. ಆ ಮರುಕವನ್ನೂ ಕಲಿಸಿದವನು ಬದರೀನಾಥನೇ ಎನ್ನುವುದು ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು.

ಭಾನುವಾರ ಹಾಲ್ ತುಂಬಿತ್ತು. ಗಂಗಾದೇವಿ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಬಾಗಿಲಲ್ಲಿ ಇಟ್ಟಿದ್ದ ಅರ್ಜಿಗೆ ಸಿದ್ರಾಮಪ್ಪ ಕನ್ನಡದಲ್ಲಿ ದಪ್ಪಗೆ ಸಹಿ ಹಾಕಿದ. ಮೇಷ್ಟ್ರು ದೂರದಿಂದಲೇ ಕಂಡು ಮುಗುಳ್ನಕ್ಕು, ಬಾಟಲಿಗಾಗಿ ಕೈ ಚಾಚಿದರು. ಸಿದ್ರಾಮಪ್ಪ ಅವರನ್ನು ದಾಟಿಕೊಂಡು ವೇದಿಕೆ ಹತ್ತಿ, ಬಾಟಲಿಯನ್ನು ಅಧ್ಯಕ್ಷ ವೀರಬಸಪ್ಪನ ಮುಂದೆ ಇಟ್ಟ.

"ಇದು ನನ್ನ ಅಂಗಡಿ ಎಣ್ಣಿ. ಸಮುದ್ರದ ಪ್ರಾಣಿ ಕೊಂದು ತಗದದ್ದು. ಇದನ್ನ ನಿಮ್ಮ ಕರಡಿಗಿಗೆಲ್ಲಾ ಹಾಕೀನಿ. ನನಗ ಗೊತ್ತಿದ್ದಿಲ್ಲ. ಈ ಬದರೀನಾಥ ಮಾಸ್ತರಗ ಗೊತ್ತಿತ್ತು. ಆರು ವರ್ಷದ ಹಿಂದ ಲೇಬಲ್ ಓದಿ, ಇದನ್ನ ಹಾಕ್ರಿ ಅಂತ ತಮ್ಮ ವಾಚಿಗೆ ಹಾಕಿಸ್ಕೊಂಡ್ರು. ಅಧ್ಯಕ್ಷರ, ಅವತ್ತು ನೀವೂ ಅಲ್ಲೇ ಇದ್ರಿ. ನಿಮ್ಮ ಕರಡಿಗಿಗೆ ಹನಿ ಹಾಕೂದನ್ನ ನೋಡಿ ಸುಮ್ಮನ ನಿಂತಿದ್ರು ಇವರು."

ಸತ್ಯದ ಮೇಲಿನ ಪ್ರೀತಿಗೆ ಆಡಿದ ಮಾತಲ್ಲ ಅದು, ಶುದ್ಧ ಸಿಟ್ಟಿನದು. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು, ಆದರೂ ಕೊಯ್ದುಕೊಂಡ.

ಮೇಷ್ಟ್ರ ಮುಖ ಕೆಂಪಾಯಿತು. "ಹೌದು, ಓದಿದ್ದೆ. ಆಗ ನನಗೆ ಅದೊಂದು ಎಣ್ಣೆ ಅಷ್ಟೇ. ಇಷ್ಟು ಅರಿವಿರಲಿಲ್ಲ. ಮನುಷ್ಯ ಬದಲಾಗಬಾರ್ದೇನ್ರೀ?"

"ಬದಲಾಗ್ರಿ. ನಮ್ಮ ಎದಿ ಮ್ಯಾಲ ಕಾಲಿಟ್ಟು ಬದಲಾಗಬ್ಯಾಡ್ರಿ. ಮೊದಲು ಆ ವಾಚ್ ಬಿಚ್ಚಿ ಈ ಬಾಟಲಿ ಪಕ್ಕ ಇಡ್ರಿ."

ಮೇಷ್ಟ್ರು ಅಂಗಿಯ ತೋಳನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡರು. "ಅದು ನಮ್ಮ ತಂದೆಯವರದು" ಎಂದರು, ಬಿಚ್ಚಲಿಲ್ಲ.

ಸಿದ್ರಾಮಪ್ಪ ಜನರ ಕಡೆಗೆ ತಿರುಗಿದ. ಈಗ ಎಲ್ಲರೂ ಎದ್ದು ಈ ಬೂಟಾಟಿಕೆಯವನನ್ನು ಬಯ್ಯುತ್ತಾರೆ ಎಂದುಕೊಂಡಿದ್ದ. ಆದರೆ ಯಾರೂ ಮೇಷ್ಟ್ರನ್ನು ನೋಡುತ್ತಿರಲಿಲ್ಲ. ವೀರಬಸಪ್ಪ ಕುರ್ಚಿಯಿಂದೆದ್ದು, ಶಲ್ಯದ ಮರೆಯಲ್ಲಿ ಲಿಂಗವನ್ನು ಅಂಗೈಗೆ ತೆಗೆದುಕೊಂಡು, ಬಿಳಿಯ ಕರವಸ್ತ್ರದಲ್ಲಿ ಕಟ್ಟಿಕೊಂಡ. ಬರಿದಾದ ಕರಡಿಗೆಯನ್ನು ಸಿದ್ರಾಮಪ್ಪನ ಕಾಲ ಬಳಿ ಒಗೆದ.

"ಮಾಸ್ತರು ನಮ್ಮವರಲ್ಲ, ಅವರಿಗೆ ಲಿಂಗ ಇಲ್ಲ. ನಿನಗ ಇತ್ತಲ್ಲೋ? ಏನಂತ ತಿಳೀದ ಎಣ್ಣಿ ನಮ್ಮ ಎದಿಗೆ ಹೆಂಗ ಹಚ್ಚಿದಿ? ಇನ್ನ ನಿನ್ನ ಅಂಗಡಿ ಮೆಟ್ಟಲ ಯಾರೂ ಹತ್ತೂದಿಲ್ಲ, ಹೋಗು."

ಹೊರಗೆ ಹೋಗುವಾಗ ಎಲ್ಲರೂ ಬಾಗಿಲಲ್ಲಿ ನಿಂತು ಅರ್ಜಿಗೆ ಸಹಿ ಹಾಕಿದರು. ಪ್ರಾಯಶ್ಚಿತ್ತವೆಂದು ಕೆಲವರು ಮನೆಮಂದಿಯ ಹೆಸರನ್ನೆಲ್ಲ ಬರೆದರು. ಬದರೀನಾಥ ಮೇಷ್ಟ್ರಿಗೆ ಊರೆಲ್ಲ ಅಲೆದರೂ ಸಿಗದಷ್ಟು ಸಹಿ ಆ ಒಂದೇ ಬೆಳಗ್ಗೆ ಸಿಕ್ಕಿತು.

ಸಂಜೆ ಸಿದ್ರಾಮಪ್ಪ ಹಿತ್ತಲ ನುಗ್ಗೆ ಮರದ ಬುಡದಲ್ಲಿ ಗುಂಡಿ ತೋಡಿದ. ಮೋರಿಗೆ ಸುರಿಯಲು ಮನಸ್ಸಾಗಲಿಲ್ಲ. ಅವರಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತಾರೆ. ಬಾಟಲಿಯನ್ನು ನೆಟ್ಟಗೆ ಕೂರಿಸಿ, ಒಂದು ಚಿಟಿಕೆ ವಿಭೂತಿ ಹಾಕಿ, ಬದರೀನಾಥನ ಮನೆತನವನ್ನು ಬಯ್ಯುತ್ತಲೇ ಮಣ್ಣು ಎಳೆದ.

ಜುಲೈಯಲ್ಲಿ ಓಟು ಬಿತ್ತು, ಬೇಟೆ ನಿಲ್ಲಿಸಬೇಕೆಂದೇ ಆಯಿತು, ಭಾರತವೂ ಅದಕ್ಕೇ ಕೈ ಎತ್ತಿತು. ಮೇಷ್ಟ್ರು ಬೀದಿಗೆಲ್ಲ ಪೇಡಾ ಹಂಚಿದರು. ಅಂದು ಅವರ ಕೈಯಲ್ಲಿ ಹೊಸ ಕ್ವಾರ್ಟ್ಜ್ ವಾಚಿತ್ತು. ಬ್ಯಾಟರಿಯದು, ವರ್ಷ ವರ್ಷ ಬಿಚ್ಚಿ ಎಣ್ಣೆ ಹಾಕುವ ರಗಳೆ ಇಲ್ಲ. ಓದಿದವರಿಗೆ ಶುದ್ಧವಾಗುವುದು ಎಷ್ಟು ಸಲೀಸು!

ಸಿದ್ರಾಮಪ್ಪನ ಅಂಗಡಿಗೆ ಅವನ ಕಡೆಯ ಒಬ್ಬರೂ ಬರಲಿಲ್ಲ. ವೀರಬಸಪ್ಪನ ಮಾತಿಗೆ ಅಷ್ಟು ಬೆಲೆ. ಗಂಗಾದೇವಿ ಮಾತ್ರ ತನ್ನ ಕರಡಿಗೆಯನ್ನು ತಂದು ಅವನ ಮುಂದಿಟ್ಟಿದ್ದಳು. ಅವಳ ತಾಯಿ ಕೊಟ್ಟದ್ದು, ಒಗೆಯಲು ಮನಸ್ಸಿಲ್ಲ. ಅವನು ಅದರ ಕೀಲನ್ನು ಪೆಟ್ರೋಲಿನಲ್ಲಿ ಮೂರು ಸಲ ತೊಳೆದು, ಒರೆಸಿ, ಒಣಗಿಸಿ ಕೊಟ್ಟ. "ಒಂದು ಹನಿ ಕೊಬ್ಬರಿ ಎಣ್ಣಿ ಹಾಕ್ಲೇನು?" ಎಂದು ಕೇಳಿದ.

"ನಿಮ್ಮ ಕೈಲೆ ಯಾವ ಎಣ್ಣೀನೂ ಬ್ಯಾಡ" ಎಂದಳು.

ಅಂದಿನಿಂದ ದಿನಾ ಬೆಳಗ್ಗೆ ಅವಳು ಪೂಜೆಗೆ ಕೂತಾಗ ಕರಡಿಗೆ ಕಿರ್ರೆಂದು ಬಾಯಿ ತೆರೆಯುತ್ತದೆ. ಗೋಡೆಯ ಈಚೆ ಸಿದ್ರಾಮಪ್ಪ ಕಿವಿ ಮುಚ್ಚಿಕೊಳ್ಳುತ್ತಾನೆ. ಅವಳಿಗೆ ಅದು ಗೊತ್ತು. ಪೂಜೆ ಮುಗಿದ ಮೇಲೆ ಅವಳು ಕರಡಿಗೆಯನ್ನು ಮುಚ್ಚುತ್ತಾಳೆ. ಇನ್ನೊಂದು ಸಲ ತೆರೆದು, ಇನ್ನೊಂದು ಸಲ ಮುಚ್ಚುತ್ತಾಳೆ.